ಮೇಜರ್ ಕಾರ್ಲ್ ಪ್ಲಾಗ್ಗೆ

ಹಿಟ್ಲರನ ಸೇನಾಧಿಕಾರಿ ಎಂದೊಡನೆ ನಿಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಸರಿಯಾದುದೇ. ಆದರೆ ಅದೇ ಸಮವಸ್ತ್ರ ತೊಟ್ಟ ಒಬ್ಬ ಇಂಜಿನಿಯರನ ಬದುಕನ್ನೂ ನೀವು ತಿಳಿದಿರಬೇಕು.

ಕಾರ್ಲ್ ಪ್ಲಾಗ್ಗೆ 1897ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಹುಟ್ಟಿದರು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬ್ರಿಟಿಷರ ಸೆರೆಯಾದರು. ಸೆರೆಯಲ್ಲಿದ್ದಾಗ ಪೋಲಿಯೋ ಬಂದು ಕಾಲು ಊನವಾಯಿತು. ಬಳಿಕ ಇಂಜಿನಿಯರಿಂಗ್ ಓದಿದರು. 1931ರಲ್ಲಿ ನಾಝಿ ಪಕ್ಷ ಸೇರಿದರು. ಇದನ್ನು ಮುಚ್ಚಿಡುವಂತಿಲ್ಲ. ದೇಶದ ಆರ್ಥಿಕ ದುಃಸ್ಥಿತಿ ಸುಧಾರಿಸೀತೆಂಬ ಭರವಸೆಯಿಂದ ಸೇರಿದವರು, ಪಕ್ಷದ ಜನಾಂಗೀಯ ಸಿದ್ಧಾಂತವನ್ನು ಬೋಧಿಸಲು ಒಪ್ಪದೆ ಪಕ್ಷದ ಹೊಣೆಯಿಂದ ಹೊರಬಿದ್ದರು.

1941ರ ಬೇಸಿಗೆಯಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸೇನಾ ವಾಹನಗಳನ್ನು ರಿಪೇರಿ ಮಾಡುವ 562ನೇ ಘಟಕದ ಕಮಾಂಡರ್ ಆದರು. ಊರ ಹೊರಗಿನ ಪೊನಾರಿ ಕಾಡಿನಲ್ಲಿ ಯಹೂದಿಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಗುಂಡಿಕ್ಕಿ ಕೊಲ್ಲಲಾಗುತ್ತಿತ್ತು. ಕೆಲಸದ ಪರವಾನಗಿ ಇದ್ದವನಿಗೆ ಮಾತ್ರ ಒಂದಷ್ಟು ದಿನದ ಆಯುಷ್ಯ. ಪ್ಲಾಗ್ಗೆ ಆ ಕಾಗದವನ್ನೇ ಅಸ್ತ್ರವಾಗಿಸಿಕೊಂಡರು. ಸ್ಪಾನರ್ ಹಿಡಿದು ಗೊತ್ತಿಲ್ಲದ ಕ್ಷೌರಿಕರು, ಚಮ್ಮಾರರು ಅವರ ದಾಖಲೆಯಲ್ಲಿ ನುರಿತ ಮೆಕ್ಯಾನಿಕ್‌ಗಳಾದರು! 1943ರ ಸೆಪ್ಟೆಂಬರ್‌ನಲ್ಲಿ ಘೆಟ್ಟೋ ಖಾಲಿ ಮಾಡಿಸುವ ಕೆಲವೇ ದಿನ ಮೊದಲು ಸುಮಾರು 1,250 ಮಂದಿಯನ್ನು ಸುಬೋಚ್ ಬೀದಿಯ ಶಿಬಿರಕ್ಕೆ ಸಾಗಿಸಿದರು. ಹೆಂಡತಿ ಮಕ್ಕಳು ಜೊತೆಗಿದ್ದರೆ ಗಂಡಸರು ಚೆನ್ನಾಗಿ ದುಡಿಯುತ್ತಾರೆಂದು ಎಸ್‌ಎಸ್ ಅಧಿಕಾರಿಗಳನ್ನು ಒಪ್ಪಿಸಿ, ಹೆಂಗಸರಿಗಾಗಿ ಬಟ್ಟೆ ಹೊಲಿಯುವ ವಿಭಾಗವನ್ನೂ ತೆರೆದರು.

ಎಲ್ಲವೂ ಅವರ ಕೈಯಲ್ಲಿರಲಿಲ್ಲ. 1944ರ ಮಾರ್ಚ್ 27ರಂದು, ಅವರು ರಜೆಯ ಮೇಲೆ ಊರಿಗೆ ಹೋಗಿದ್ದಾಗ, ಎಸ್‌ಎಸ್ ಪಡೆ ಶಿಬಿರಕ್ಕೆ ನುಗ್ಗಿ ಮಕ್ಕಳನ್ನು ಹೊತ್ತೊಯ್ದಿತು. ಅಡಗಿಸಿಟ್ಟ ಕೆಲವರು ಮಾತ್ರ ಉಳಿದರು.

ಜುಲೈಯಲ್ಲಿ ರಷ್ಯನ್ ಸೇನೆ ಹತ್ತಿರ ಬಂದಾಗ ಘಟಕ ಹಿಂದೆಗೆಯಬೇಕಾಯಿತು. ಯಹೂದಿಗಳನ್ನು ಜೊತೆಗೆ ಕರೆದೊಯ್ಯಲು ಅನುಮತಿ ಸಿಗಲಿಲ್ಲ. ಜುಲೈ 1ರಂದು ಎಸ್‌ಎಸ್ ಅಧಿಕಾರಿಯೊಬ್ಬ ಪಕ್ಕದಲ್ಲಿ ನಿಂತಿರುವಾಗಲೇ ಪ್ಲಾಗ್ಗೆ ಕಾರ್ಮಿಕರನ್ನುದ್ದೇಶಿಸಿ ಮಾತನಾಡಿದರು. ಜುಲೈ 3ರಂದು ನಿಮ್ಮೆಲ್ಲರ ಹೊಣೆ ಎಸ್‌ಎಸ್‌ಗೆ ಸೇರುತ್ತದೆ, ನಿರಾಶ್ರಿತರನ್ನು ಎಸ್‌ಎಸ್ ಎಷ್ಟು ಚೆನ್ನಾಗಿ ರಕ್ಷಿಸುತ್ತದೆಂಬುದು ನಿಮಗೆ ಗೊತ್ತೇ ಇದೆ ಎಂಬುದು ಆ ಮಾತಿನ ತಾತ್ಪರ್ಯ. ಕೇಳಿದವರಿಗೆ ಅರ್ಥವಾಯಿತು. ಅರ್ಧಕ್ಕೂ ಹೆಚ್ಚು ಮಂದಿ ಗೋಡೆಗಳ ಸಂದಿನಲ್ಲಿ, ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ಅಡಗಿದರು. ಹಾಜರಾದ ಸುಮಾರು 500 ಮಂದಿಯನ್ನು ಪೊನಾರಿಯಲ್ಲಿ ಕೊಲ್ಲಲಾಯಿತು. ಹುಡುಕಾಟದಲ್ಲಿ ಸಿಕ್ಕ ಸುಮಾರು 200 ಮಂದಿಯನ್ನು ಶಿಬಿರದಲ್ಲೇ ಗುಂಡಿಕ್ಕಿದರು. ಉಳಿದದ್ದು 250ರಷ್ಟು ಜೀವಗಳು. ಈ ಲೆಕ್ಕವನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ನೀವೇ ಹೇಳಿ.

1947ರಲ್ಲಿ ಪ್ಲಾಗ್ಗೆ ವಿಚಾರಣೆಗೆ ಒಳಗಾದರು. ಸುದ್ದಿ ತಿಳಿದು ಬದುಕುಳಿದವರು ಅವರ ಪರವಾಗಿ ಸಾಕ್ಷಿ ಕಳುಹಿಸಿದರು. ಪೂರ್ಣ ಬಿಡುಗಡೆ ಸಾಧ್ಯವಿದ್ದರೂ ತನ್ನನ್ನು ನಾಝಿಗಳ ಸಹಯಾತ್ರಿಯೆಂದೇ ದಾಖಲಿಸುವಂತೆ ಅವರೇ ಕೇಳಿಕೊಂಡರು. 1957ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸದ್ದಿಲ್ಲದೆ ತೀರಿಕೊಂಡರು. ಬದುಕುಳಿದ ಮಹಿಳೆಯೊಬ್ಬರ ಮಗ, ವೈದ್ಯ ಮೈಕೆಲ್ ಗುಡ್, ತಾಯಿ ಹೇಳುತ್ತಿದ್ದ ಆ ಮೇಜರ್ ಯಾರೆಂದು ವರ್ಷಗಟ್ಟಲೆ ಹುಡುಕಿದರು. 2005ರಲ್ಲಿ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಪ್ಲಾಗ್ಗೆಯವರನ್ನು ಗೌರವಿಸಿತು. ಮರುವರ್ಷ ಡಾರ್ಮ್‌ಸ್ಟಾಟ್ ಬಳಿಯ ಸೇನಾ ನೆಲೆಯೊಂದಕ್ಕೆ ಅವರ ಹೆಸರಿಡಲಾಯಿತು.