ಡಾ. ಯಲ್ಲಾಪ್ರಗಡ ಸುಬ್ಬರಾಯರು

ನಮ್ಮ ದೊಡ್ಡಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಅದು ಲಿವರಿಗೂ ಹಬ್ಬಿದೆ. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರೆ. ಚೀಟಿಯಲ್ಲಿ ಮೂರು ಔಷಧ ಬರೆದಿದ್ದರು: ಫೋಲಿನಿಕ್ ಆಸಿಡ್, ಫ್ಲೋರೋಯುರಾಸಿಲ್, ಆಕ್ಸಾಲಿಪ್ಲಾಟಿನ್. ಮೊದಲನೆಯದು ನಮಗೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವ ಫೋಲಿಕ್ ಆಸಿಡ್‌ನ ಇನ್ನೊಂದು ರೂಪವಂತೆ. ವಿಜ್ಞಾನದ ಮೇಷ್ಟ್ರನ್ನು ಕೇಳಿದಾಗ ಅವರು ಸುಬ್ಬರಾಯರ ಬಗ್ಗೆ ಹೇಳಿದರು.

ಸುಬ್ಬರಾಯರು 1895ರ ಜನವರಿ 12ರಂದು ಆಂಧ್ರದ ಭೀಮಾವರಂನಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಮೆಟ್ರಿಕ್ ಪರೀಕ್ಷೆ ಪಾಸಾದದ್ದು ಮೂರನೇ ಸಲ. ಅವರ ಅಣ್ಣ ಪುರುಷೋತ್ತಮ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ ಮನುಷ್ಯ ಸೊರಗಿ ಹೋಗುವ ರೋಗ ಅದು. ಆಗ ಅದಕ್ಕೆ ಸರಿಯಾದ ಮದ್ದಿರಲಿಲ್ಲ.

ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಸುಬ್ಬರಾಯರು ಗಾಂಧೀಜಿಯವರ ಕರೆಯಂತೆ ಖಾದಿ ತೊಟ್ಟರು. ಪ್ರೊಫೆಸರರಿಗೆ ಸಿಟ್ಟು ಬಂತು. ಎಂ.ಬಿ.ಬಿ.ಎಸ್. ಬದಲು ಕೆಳಗಿನ ಎಲ್.ಎಂ.ಎಸ್. ಸಿಕ್ಕಿತು. ಆದರೂ ಎದೆಗುಂದದೆ ಅಮೆರಿಕದ ಬಾಸ್ಟನ್ನಿಗೆ ಹೋದರು. ರಾತ್ರಿ ಆಸ್ಪತ್ರೆಯಲ್ಲಿ ಕೂಲಿ ಕೆಲಸ ಮಾಡಿ ಹಾರ್ವರ್ಡಿನಲ್ಲಿ ಓದಿದರು.

1940ರಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಅಣ್ಣನನ್ನು ಕೊಂದ ಸ್ಪ್ರೂಗೆ ಅದೇ ಮದ್ದಾಯಿತು! ಆನೆಕಾಲು ರೋಗದ ಹೆಟ್ರಜಾನ್ ಮಾತ್ರೆಯೂ ಅವರ ತಂಡದ್ದೇ.

ಜೀವಕೋಶ ಬೆಳೆಯಲು ಫೋಲಿಕ್ ಆಸಿಡ್ ಬೇಕು. ಅದರಂತೆಯೇ ಇದ್ದು ಅದರ ಕೆಲಸ ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧವನ್ನೂ ಅವರ ತಂಡ ಮಾಡಿತು. ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು. ಆದರೆ ಸ್ವಲ್ಪ ಕಾಲ ಮಾತ್ರ. ರೋಗ ಮತ್ತೆ ಬಂತು. 1948ರಲ್ಲಿ ಈ ವರದಿ ಪ್ರಕಟವಾಯಿತು. ಅದೇ ವರ್ಷ ಆಗಸ್ಟಿನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾಯರು ತೀರಿಕೊಂಡರು. ಊರಿಗೆ ಮರಳಲೇ ಇಲ್ಲ.

ಒಂದೇ ಔಷಧಕ್ಕೆ ಕ್ಯಾನ್ಸರ್ ಬಗ್ಗದೆ ಹೋದಾಗ ವೈದ್ಯರು ಹಲವನ್ನು ಒಟ್ಟಿಗೆ ಕೊಡಲು ಕಲಿತರು. ದೊಡ್ಡಪ್ಪನ ಡ್ರಿಪ್ಪಿನಲ್ಲೂ ಹಾಗೇ. ಫೋಲಿನಿಕ್ ಆಸಿಡ್ ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ, ಫ್ಲೋರೋಯುರಾಸಿಲ್‌ನ ಹಿಡಿತ ಬಿಗಿ ಮಾಡುತ್ತೆ. ಆಕ್ಸಾಲಿಪ್ಲಾಟಿನ್ ಇನ್ನೊಂದು ದಾರಿಯಿಂದ ಹೊಡೆಯುತ್ತೆ. ಲಿವರಿನ ಗಂಟು ಕುಗ್ಗಿದರೆ ಆಪರೇಷನ್ ಮಾಡಬಹುದೇನೋ ಎಂದಿದ್ದಾರೆ ಡಾಕ್ಟರು.

ಏನಾಗುತ್ತೋ ಗೊತ್ತಿಲ್ಲ. ಆದರೆ ಪರೀಕ್ಷೆಯಲ್ಲಿ ಫೇಲಾದವರನ್ನು ನಾನಿನ್ನು ಆಡಿಕೊಳ್ಳುವುದಿಲ್ಲ.