ಸರ್ ಎಂ. ವಿಶ್ವೇಶ್ವರಯ್ಯನವರೂ ಗಡಿನಾಡಿನ ವಿದ್ಯಾಶಾಲೆಯೂ

ಚಾಮರಾಜನಗರದಲ್ಲಿ ಸರ್ಕಾರದವರು 2007ನೆಯ ಇಸವಿಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಅದು ಸೇರಿರುವ ವಿಶ್ವವಿದ್ಯಾನಿಲಯವು 1998ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ನಾಮಧೇಯವನ್ನು ಧರಿಸಿದೆ. ನಾಡಿನ ಈ ಬಗೆಯ ವಿದ್ಯಾಶಾಲೆಗಳಿಗೆಲ್ಲ ಹಿರಿಯಕ್ಕನಂತಿರುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆ ಮಹನೀಯರ ದಿವಾನಗಿರಿಯಲ್ಲಿ 1917ರಲ್ಲಿ ಜನ್ಮತಾಳಿ, 2017ರಲ್ಲಿ ಶತಮಾನವನ್ನು ಪೂರೈಸಿ, 2021ರ ಶಾಸನವೊಂದರ ಮೂಲಕ ಸ್ವಾಯತ್ತ ವಿಶ್ವವಿದ್ಯಾನಿಲಯದ ಪದವಿಗೇರಿದೆ. ಪ್ರತಿವರ್ಷವೂ ಸೆಪ್ಟೆಂಬರ್ 15ರಂದು ಇಂತಹ ಸಂಸ್ಥೆಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಬೀಳುವುದು ವಾಡಿಕೆಯಾಗಿದೆ. ಹೂಮಾಲೆ ಹಾಕುವುದು ಸುಲಭವಾದ ಕೆಲಸ. ಆ ಜೀವನದಿಂದ ಚಾಮರಾಜನಗರ, ಗುಂಡ್ಲುಪೇಟೆಗಳ ಮಕ್ಕಳಿಗೆ ಬಂದುದೇನು, ಬಾರದೆ ಉಳಿದುದೇನು ಎಂಬುದನ್ನು ವಿಚಾರಮಾಡುವುದು ಅಷ್ಟು ಸುಲಭವಲ್ಲ. ಆದರೆ ಹೆಚ್ಚು ಪ್ರಯೋಜನಕರವಾದುದು.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಗೆ ಗೌರವವಿದ್ದಿತು, ದ್ರವ್ಯಕ್ಕೆ ಅಭಾವವಿದ್ದಿತು. ಹುಡುಗತನದಲ್ಲಿಯೇ ಪಿತೃವಿಯೋಗವಾಯಿತು. ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿದ್ದು, ಇತರರ ಮಕ್ಕಳಿಗೆ ಮನೆಪಾಠ ಹೇಳಿ, ಅದರಿಂದ ಬಂದ ಅಲ್ಪಸಂಪಾದನೆಯಿಂದ ತಾವು ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದರು. ಅದೇ ವರ್ಷ ಮೈಸೂರು ಸಂಸ್ಥಾನವು ಆಂಗ್ಲರ ಐವತ್ತು ವರ್ಷಗಳ ಆಡಳಿತದಿಂದ ಬಿಡುಗಡೆಹೊಂದಿ ಒಡೆಯರ ವಂಶಕ್ಕೆ ಮರಳಿದ್ದಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸಂಸ್ಥಾನವು ಈ ತರುಣನಿಗೆ ವಿದ್ಯಾರ್ಥಿವೇತನವನ್ನು ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು ಮೊದಲಿಗರಾಗಿ ತೇರ್ಗಡೆಯಾದರು.

ಈ ವಿದ್ಯಾರ್ಥಿವೇತನದ ಸಂಗತಿಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಅವರ ಬುದ್ಧಿ ಅಸಾಧಾರಣವಾದುದು, ಪರಿಶ್ರಮ ಅದಕ್ಕಿಂತಲೂ ಅಸಾಧಾರಣವಾದುದು. ಆದರೂ ಪ್ರಜೆಗಳು ತೆತ್ತ ಕಂದಾಯದಿಂದ ಆ ಕೆಲವು ರೂಪಾಯಿಗಳು ಹೊರಡದೆ ಇದ್ದಿದ್ದರೆ, ಮುದ್ದೇನಹಳ್ಳಿಯ ಆ ಬಡ ಹುಡುಗನು ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿ ಆಯುಷ್ಯವನ್ನು ಕಳೆಯಬಹುದಾಗಿದ್ದಿತು. ಸಂಸ್ಥಾನವು ಬಿತ್ತಿದ ಕಾಳು ಎಷ್ಟು ಖಂಡುಗ ಬೆಳೆಯಿತೆಂಬುದು ಲೋಕಕ್ಕೆ ತಿಳಿದೇ ಇದೆ.

1884ರಲ್ಲಿ ಅವರು ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯನ್ನು ಸೇರಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂನದಿಯ ಕೆಸರುನೀರನ್ನು ಶೋಧಿಸಿ ಒದಗಿಸುವ ಕಾರ್ಯವನ್ನು 1895ರ ವೇಳೆಗೆ ಮುಗಿಸಿಕೊಟ್ಟರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ತಮ್ಮದೇ ಕಲ್ಪನೆಯ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಿದರು. ಅಲ್ಲಿ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಹಿಡಿದಿಡಬೇಕಾಗಿದ್ದಿತು. ಹಿಡಿದಿಟ್ಟರೆ ಪ್ರವಾಹಕಾಲದಲ್ಲಿ ಅಣೆಕಟ್ಟೆಗೆ ಅಪಾಯ. ಅವರ ಬಾಗಿಲುಗಳು ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿ ತೆರೆದುಕೊಂಡು, ಮಟ್ಟವು ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದುವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಸರ್ಕಾರದ ಸೇವೆಯಲ್ಲಿದ್ದಾಗ ಕಂಡುಹಿಡಿದ ಸಾಧನಕ್ಕೆ ತಾವು ಗೌರವಧನವನ್ನು ತೆಗೆದುಕೊಳ್ಳಕೂಡದೆಂದು ಅವರು ಅದನ್ನು ನಿರಾಕರಿಸಿದರು. ಸಂಶೋಧನೆಯೆಂದರೆ ಕಣ್ಣೆದುರಿಗಿರುವ ಜನರ ಕಷ್ಟಕ್ಕೆ ಉತ್ತರವನ್ನು ಹುಡುಕುವುದೆಂಬ ಪಾಠವು ಖಡಕ್‌ವಾಸ್ಲಾದಲ್ಲಿದೆ.

1908ರಲ್ಲಿ ಮುಂಬಯಿಯ ಸೇವೆಯನ್ನು ಬಿಟ್ಟರು. ಆ ವರ್ಷವೇ ಮೂಸಿ ನದಿಯ ಪ್ರವಾಹಕ್ಕೆ ಸಿಕ್ಕಿ ಹಾಳಾಗಿದ್ದ ಹೈದರಾಬಾದು ನಗರದ ರಕ್ಷಣೆಗಾಗಿ ನಿಜಾಮರ ಸರ್ಕಾರವು ಅವರನ್ನು ಕರೆಯಿಸಿಕೊಂಡಿತು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ತವರಿಗೆ ಹಿಂತಿರುಗಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಪ್ರೋತ್ಸಾಹದಿಂದ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟೆಯ ಕೆಲಸವು 1911ರಲ್ಲಿ ಮೊದಲಾಯಿತು. ಕೃಷ್ಣರಾಜಸಾಗರದ ನೀರು ಕಾಲುವೆಗಳಲ್ಲಿ ಇಳಿದ ಮೇಲೆ ಮಂಡ್ಯದ ಸೀಮೆಯು ಕಬ್ಬು ಭತ್ತಗಳಿಂದ ಹಸುರಾಯಿತು.

ಆದರೆ ಅಂದು ಅದೇ ಮೈಸೂರು ಜಿಲ್ಲೆಗೆ ಸೇರಿದ್ದ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಿಗೆ ಆ ನೀರು ಹರಿಯಲಿಲ್ಲ. ಇವು ದಕ್ಷಿಣದ ಎತ್ತರದ ನೆಲಗಳು. ಹಿಮವದ್ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಿಂದ ಉತ್ತರಕ್ಕೆ ಸಾಗುವ ಗುಂಡ್ಲುಹೊಳೆ ಮಳೆಗಾಲದ ಅತಿಥಿ. ನಂಜನಗೂಡಿನ ಬಳಿ ಕಪಿಲೆಯನ್ನು ಸೇರುವ ಅದನ್ನು ನಂಬಿ ಇಲ್ಲಿಯ ರೈತನು ಬೇಸಾಯ ಮಾಡುವಂತಿರಲಿಲ್ಲ. ಕೆರೆ, ಬಾವಿ, ಮುಗಿಲು ಇವೇ ಅವನ ಆಧಾರ. ಎತ್ತರದ ನೆಲಕ್ಕೆ ಕಾಲುವೆಯನ್ನು ಹರಿಯಿಸಲಿಲ್ಲವೆಂದು ವಿಶ್ವೇಶ್ವರಯ್ಯನವರನ್ನು ದೂರುವುದು ಸಲ್ಲದು. ಆದರೆ ನೀರು ಹರಿಯದ ಕಡೆಗೆ ವಿದ್ಯೆಯಾದರೂ ಹರಿಯಬೇಕಲ್ಲವೆ? ನಮ್ಮ ಪ್ರಶ್ನೆಯು ಇಲ್ಲಿಂದಲೇ ಹುಟ್ಟುತ್ತದೆ.

1912ರ ನವೆಂಬರಿನಲ್ಲಿ ಅವರು ದಿವಾನರಾದರು. ಆ ಆರು ವರ್ಷಗಳಲ್ಲಿ ವಿದ್ಯೆಯ ವಿಷಯದಲ್ಲಿ ಆದ ಕಾರ್ಯವು ಆಶ್ಚರ್ಯಕರವಾದುದು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಮಾಡಲು 1913ರಲ್ಲಿ ಶಾಸನವಾಯಿತು. ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಕ್ಕೆ ಮೊದಲು ಎಂಜಿನಿಯರ್ ಆಗಬಯಸುವ ನಮ್ಮ ಹುಡುಗನು ಪುಣೆಗೋ ಮದರಾಸಿಗೋ ಹೋಗಬೇಕಾಗಿದ್ದಿತು. ರೂರ್ಕಿ, ಗಿಂಡಿ, ಪುಣೆ, ಶಿಬ್‌ಪುರಗಳಲ್ಲಿದ್ದ ಕಾಲೇಜುಗಳೆಲ್ಲ ಆಂಗ್ಲ ಸರ್ಕಾರದ ನೆಲದಲ್ಲಿದ್ದು, ಮುಖ್ಯವಾಗಿ ಅದರ ಇಲಾಖೆಗಳಿಗೆ ಬೇಕಾದ ನೌಕರರನ್ನು ಸಿದ್ಧಪಡಿಸುತ್ತಿದ್ದುವು. 1917ರಲ್ಲಿ ಬೆಂಗಳೂರಿನಲ್ಲಿ ದೇಶೀಯ ಸಂಸ್ಥಾನವೊಂದು ತನ್ನ ಹಣದಿಂದ, ತನ್ನ ಮಕ್ಕಳಿಗಾಗಿ, ತನ್ನ ಕಟ್ಟೆ ಕಾರ್ಖಾನೆಗಳನ್ನು ತಾನೇ ಕಟ್ಟಿಕೊಳ್ಳುವ ಸಂಕಲ್ಪದಿಂದ ಎಂಜಿನಿಯರಿಂಗ್ ಕಾಲೇಜನ್ನು ತೆರೆದುದು ಸಾಮಾನ್ಯ ಸಂಗತಿಯಲ್ಲ. ಪುಣೆಗೆ ಹೋಗಿ ಓದಿಬಂದ ವಿದ್ಯಾರ್ಥಿಯು ಮುಂದಿನವರಿಗೆ ಆ ಪ್ರಯಾಣವನ್ನು ತಪ್ಪಿಸಿದಂತಾಯಿತು. ವಿದ್ಯಾರ್ಥಿವೇತನದ ಋಣವನ್ನು ಬಡ್ಡಿಸಮೇತ ತೀರಿಸುವುದೆಂದರೆ ಇದೇ.

ಇನ್ನು ಈ ಜೀವನದ ಕಠಿಣವಾದ ಅಧ್ಯಾಯಕ್ಕೆ ಬರಬೇಕು. ಭಕ್ತಿಯ ಭರದಲ್ಲಿ ಅದನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಆ ಕಾಲದಲ್ಲಿ ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ಬಹುಭಾಗವು ಬ್ರಾಹ್ಮಣರ ಕೈಯಲ್ಲಿದ್ದಿತು. ಇತರ ಜನವರ್ಗಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿ, ತಮಗೂ ನ್ಯಾಯವಾದ ಪಾಲು ದೊರೆಯಬೇಕೆಂದು ಮಹಾರಾಜರಲ್ಲಿ ಬಿನ್ನವಿಸಿಕೊಂಡರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ವಿದ್ಯೆಯನ್ನು ಹರಡಿ ಎಲ್ಲರನ್ನೂ ಯೋಗ್ಯರನ್ನಾಗಿ ಮಾಡಬೇಕು, ಹುದ್ದೆಗಳಿಗೆ ಮಾತ್ರ ಯೋಗ್ಯತೆಯೊಂದೇ ಅಳತೆಯಾಗಿರಬೇಕು, ಇಲ್ಲವಾದರೆ ಆಡಳಿತವು ಸಡಿಲವಾಗುವುದು ಎಂಬುದು ದಿವಾನರ ಮತ. ಭಿನ್ನಾಭಿಪ್ರಾಯವು ಬೆಳೆಯಿತು, ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ಅಧಿಕಾರವನ್ನು ಬಿಟ್ಟು ಹೊರಬಂದರು. ಸಮಿತಿಯ ವರದಿ 1919ರಲ್ಲಿ ಬಂದಿತು. ಹಿಂದುಳಿದವರಿಗೆ ಆದ್ಯತೆಯನ್ನು ಕೊಡುವ ಸರ್ಕಾರದ ಆಜ್ಞೆ 1921ರಲ್ಲಿ ಹೊರಟಿತು.

ತಮ್ಮ ಮತಕ್ಕಾಗಿ ದಿವಾನಗಿರಿಯನ್ನೇ ತೊರೆದವರ ಪ್ರಾಮಾಣಿಕತೆಯನ್ನು ಯಾರೂ ಸಂಶಯಿಸಲಾರರು. ಆದರೆ ಈ ವಿಷಯದಲ್ಲಿ ಕಾಲವು ಅವರ ಪರವಾಗಿ ತೀರ್ಪುಕೊಡಲಿಲ್ಲವೆಂಬುದೇ ನಮ್ಮ ಅಭಿಪ್ರಾಯ. ದ್ರವ್ಯದ ಬಡತನವನ್ನು ಅವರು ಅನುಭವಿಸಿದ್ದರು. ಅಕ್ಷರವೇ ಕಾಲಿಡದ ಮನೆಯ ಬಡತನವನ್ನು ಅನುಭವಿಸಿರಲಿಲ್ಲ. ಶಾಸ್ತ್ರಿಗಳ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಏಣಿಯ ಮೇಲಿನ ಮೆಟ್ಟಿಲುಗಳು ಮಾತ್ರ ಬೇಕಾಗಿದ್ದುವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗನಿಗೂ ಗುಂಡ್ಲುಪೇಟೆಯ ಹೊಲೆಗೇರಿಯ ಹುಡುಗಿಗೂ ಏಣಿಯ ಬುಡದ ಮೆಟ್ಟಿಲೇ ಇರಲಿಲ್ಲ. ಯೋಗ್ಯತೆಯು ಬೆಳೆಯಬೇಕಾದರೆ ಮೊದಲು ಅವಕಾಶವಿರಬೇಕು. ಕಾಲೇಜು ಕಟ್ಟಿದವರೊಬ್ಬರು, ಅದರ ಬಾಗಿಲನ್ನು ಅಗಲಮಾಡಿದವರು ಬೇರೆಯವರು. ಇಂದಿನ ಚಾಮರಾಜನಗರದ ವಿದ್ಯಾರ್ಥಿಯು ಇಬ್ಬರಿಗೂ ಋಣಿ.

ಅಧಿಕಾರವನ್ನು ಬಿಟ್ಟ ಮೇಲೆಯೂ ಅವರ ದುಡಿಮೆ ನಿಲ್ಲಲಿಲ್ಲ. 1923ರಿಂದ 1929ರವರೆಗೆ ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿದ್ದು ಅದನ್ನು ನೆಟ್ಟಗೆ ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಬರಬೇಕಾಗಿದ್ದ ದೊಡ್ಡ ಮೊತ್ತವನ್ನು ತರುಣರಿಗೆ ಕಸುಬುಗಳನ್ನು ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಕೇಳಿಕೊಂಡರು. ಅದರಿಂದಲೇ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯು ಹುಟ್ಟಿತು. 1955ರಲ್ಲಿ ಸ್ವತಂತ್ರ ಭಾರತವು ಅವರಿಗೆ ಭಾರತರತ್ನವನ್ನು ಅರ್ಪಿಸಿತು. 1962ರ ಏಪ್ರಿಲಿನಲ್ಲಿ, ನೂರು ವರ್ಷಗಳನ್ನು ದಾಟಿದ ಮೇಲೆ, ಅವರು ಕಾಲಾಧೀನರಾದರು. ಬೆಂಗಳೂರಿನ ಕಾಲೇಜು 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿ, ಮುಂದೆ ಸಂಸ್ಥಾಪಕರ ಹೆಸರನ್ನೇ ಪಡೆಯಿತು.

ಇನ್ನು ನಮ್ಮ ಗಡಿಜಿಲ್ಲೆಯ ಮಾತು. ಹಿಂದೆ ಅರಿಕುಠಾರವೆಂದು ಹೆಸರಾಗಿದ್ದ ಈ ಪಟ್ಟಣಕ್ಕೆ, ತಮ್ಮ ತಂದೆಯವರು ಹುಟ್ಟಿದ ಊರೆಂದು, ಮುಮ್ಮಡಿ ಕೃಷ್ಣರಾಜ ಒಡೆಯರವರು 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. ರೈಲುಹಾದಿಯು ಇಲ್ಲಿಗೆ 1926ರಲ್ಲಿ ಬಂದಿತು. ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಈ ಊರಿಗೆ ಕಾಲಿಟ್ಟವರ ಗದ್ದುಗೆ ಹೋಗುವುದೆಂಬ ಮೂಢನಂಬಿಕೆಗೆ ಅಂಜಿ ಅನೇಕ ಮುಖ್ಯಮಂತ್ರಿಗಳು ಬಹುಕಾಲ ಇತ್ತ ಸುಳಿಯದಿದ್ದುದು ನಾಡಿಗೆಲ್ಲ ತಿಳಿದ ನಾಚಿಕೆಯ ಕಥೆ. ನಂಬಿದ ತತ್ತ್ವಕ್ಕಾಗಿ ಗದ್ದುಗೆಯನ್ನು ತಾವಾಗಿ ಬಿಟ್ಟಿಳಿದ ದಿವಾನರ ನಾಡಿನಲ್ಲಿ ಇಂತಹ ಅಂಜಿಕೆ ಬೆಳೆಯಿತೆಂಬುದು ವಿಷಾದಕರ.

ಇಲ್ಲಿಯ ನೆಲವು ಎಂಜಿನಿಯರರ ಮುಂದಿಡುತ್ತಿರುವ ಪ್ರಶ್ನೆಗಳು ಬೇಕಾದಷ್ಟಿವೆ. ಕಪಿಲೆಯ ನೀರನ್ನು ಯಂತ್ರಗಳಿಂದ ಎತ್ತಿ ಈ ತಾಲ್ಲೂಕುಗಳ ಕೆರೆಗಳಿಗೆ ತುಂಬಿಸುವ ಕಾರ್ಯವು ನಡೆದಿದೆ; ಆ ನೀರಿನಲ್ಲಿ ಎಷ್ಟು ಭೂಮಿಗೆ ಇಂಗುತ್ತದೆ, ಎಷ್ಟು ಆವಿಯಾಗುತ್ತದೆ, ಯಾವ ಕೆರೆಯ ಹೂಳನ್ನು ಮೊದಲು ತೆಗೆಯಬೇಕು ಎಂಬುದನ್ನು ಅಳೆದು ಹೇಳುವವರು ಬೇಕು. ಚಾಮರಾಜನಗರದ ಕರಿಕಲ್ಲು ದೂರದೇಶಗಳ ಕಟ್ಟಡಗಳನ್ನು ಸಿಂಗರಿಸುತ್ತದೆ. ಆದರೆ 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡವು ಕುಸಿದು ಕೂಲಿಕಾರರು ಪ್ರಾಣಬಿಟ್ಟರು. ಗಣಿಯ ಗೋಡೆಯನ್ನು ಎಷ್ಟು ಇಳಿಜಾರಾಗಿ ಕಡಿಯಬೇಕು, ಬಿರುಕು ಬಿಡುವ ಸೂಚನೆಯನ್ನು ಮೊದಲೇ ತಿಳಿಯುವುದು ಹೇಗೆ ಎಂಬುದು ಶಾಸ್ತ್ರಕ್ಕೆ ಸಂಬಂಧಪಟ್ಟ ಪ್ರಶ್ನೆ. ಜೀವಗಳಿಗೆ ಸಂಬಂಧಪಟ್ಟ ಪ್ರಶ್ನೆಯೂ ಹೌದು. ಅರಿಸಿನವನ್ನು ಬೇಯಿಸಿ ಒಣಗಿಸುವ ರೈತನ ಶ್ರಮವನ್ನು ತಗ್ಗಿಸುವ ಯಂತ್ರ, ಬಂಡೀಪುರದ ಕಾಡಿನಂಚಿನ ಹೊಲಗಳನ್ನು ಆನೆಯ ಜೀವಕ್ಕೆ ಕೇಡಾಗದಂತೆ ಕಾಯುವ ಬೇಲಿ, ಇವು ಸಣ್ಣ ವಿಷಯಗಳಲ್ಲ.

ಕೃಷ್ಣರಾಜಸಾಗರದಲ್ಲಿ 1944ರಲ್ಲಿ ಆರಂಭವಾದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವು ನೀರು, ಮಣ್ಣು, ಗಾರೆಗಳ ಪರೀಕ್ಷೆಗಳನ್ನು ನಡೆಯಿಸುತ್ತ ಬಂದಿದೆ. ಚಾಮರಾಜನಗರದ ಕಾಲೇಜಿಗೂ ಆ ಕೇಂದ್ರಕ್ಕೂ ನಿಕಟ ಸಂಬಂಧವನ್ನು ಕಲ್ಪಿಸಿ, ಅಧ್ಯಾಪಕರ ಸ್ಥಾನಗಳನ್ನು ಖಾಲಿಬಿಡದೆ, ಪ್ರಯೋಗಶಾಲೆಗಳಿಗೆ ಧಾರಾಳವಾಗಿ ಧನವನ್ನು ಒದಗಿಸಬೇಕಾದುದು ಸರ್ಕಾರದ ಕರ್ತವ್ಯ. ರಾಜಧಾನಿಯ ಹಿರಿಯ ಕಾಲೇಜು ಸ್ವಾಯತ್ತತೆಯನ್ನು ಪಡೆದುದು ಸಂತೋಷ. ಅದಕ್ಕೆ ದೊರೆತ ಲಕ್ಷ್ಯದಲ್ಲಿ ಒಂದು ಪಾಲು ಗಡಿನಾಡಿನ ತಂಗಿಗೂ ದೊರೆಯಲಿ.

1881ರಲ್ಲಿ ಸಂಸ್ಥಾನವು ಒಬ್ಬ ಬಡ ಹುಡುಗನ ಕೈಹಿಡಿದುದರ ಫಲವನ್ನು ಮೈಸೂರು ಇಂದಿಗೂ ಉಣ್ಣುತ್ತಿದೆ. ಮುಂದಿನ ವಿಶ್ವೇಶ್ವರಯ್ಯನು ಗುಂಡ್ಲುಪೇಟೆಯ ಯಾವುದೋ ಹಳ್ಳಿಯಲ್ಲಿ ಇಂದು ಕೊಡ ಹೊತ್ತು ಕೆರೆಯ ಕಡೆಗೆ ನಡೆಯುತ್ತಿರುವ ಹುಡುಗಿಯೇ ಆಗಿರಬಹುದು. ಅವಳ ಕೈಯನ್ನು ಹಿಡಿಯುವ ಭಾರವು ಈಗ ನಮ್ಮದು.