ಹೊರ್ಮುಜ್ ದ್ವೀಪದಿಂದ ಆಳಂದ ಜಾತ್ರೆಗೆ: ನಿಕಿಟಿನ್ ಮತ್ತು ಅವನ ಕುದುರೆ

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ. ಇದನ್ನ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಆದರೆ ಅದಕ್ಕೂ ಸುಮಾರು 30 ವರ್ಷ ಮೊದಲೇ ಯುರೋಪಿನ ಒಬ್ಬ ವ್ಯಾಪಾರಿ ನಮ್ಮ ಬೀದರ್, ಕಲಬುರಗಿ, ಆಳಂದ ಎಲ್ಲ ತಿರುಗಾಡಿ, ಕಂಡಿದ್ದನ್ನ ಬರೆದಿಟ್ಟು ಹೋಗಿದ್ದ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ನಮ್ಮ ಎಷ್ಟೋ ಗೆಳೆಯರಿಗೇ ಇದು ಗೊತ್ತಿಲ್ಲ. ಅವನ ಹೆಸರು ಅಫನಾಸಿ ನಿಕಿಟಿನ್. ಊರು ರಷ್ಯಾದ ತ್ವೆರ್, ವೋಲ್ಗಾ ನದಿಯ ದಂಡೆ.

ಭಾರತಕ್ಕೆ ಬರೋದು ಅವನ ಪ್ಲಾನ್‌ನಲ್ಲೇ ಇರಲಿಲ್ಲ. ಸಂಗಡಿಗರ ಜೊತೆ ದೋಣಿಯಲ್ಲಿ ಸರಕು ತುಂಬಿಕೊಂಡು ವೋಲ್ಗಾ ಇಳಿದು, ಕ್ಯಾಸ್ಪಿಯನ್ ಕಡೆ ವ್ಯಾಪಾರ ಮಾಡಿ ವಾಪಸ್ ಹೋಗೋದಷ್ಟೇ ಲೆಕ್ಕ. ಆಸ್ತ್ರಖಾನ್ ಹತ್ತಿರ ತಾತಾರರು ದೋಣಿ ಲೂಟಿ ಮಾಡಿದರು. ಸರಕು ಹೋಯಿತು, ಧರ್ಮಗ್ರಂಥಗಳೂ ಹೋದವು. ಊರಲ್ಲಿ ಏನಾದರೂ ಆಸ್ತಿ ಇದ್ದವರು ಮನೆಗೆ ತಿರುಗಿದರು. ಸಾಲ ಇದ್ದವರು ಕಾಲು ಹೋದ ಕಡೆ ಹೋದರು. ನಿಕಿಟಿನ್ ಡರ್ಬೆಂಟ್, ಬಾಕು ದಾಟಿ ಪರ್ಷಿಯಾಕ್ಕೆ ಇಳಿದ. ಊರಿಂದ ಊರಿಗೆ ಹೋಗುತ್ತಾ, ಕೊನೆಗೆ 1469ರ ಸುಮಾರಿಗೆ ಸಮುದ್ರ ತಲುಪಿದ. ಎದುರಿಗೆ ಹೊರ್ಮುಜ್ ದ್ವೀಪ.

ಈ ಹೊರ್ಮುಜ್ ಅನ್ನೋದು ವಿಚಿತ್ರ ಜಾಗ. ಉಪ್ಪಿನ ಗುಡ್ಡ, ಕೆಂಪು ಮಣ್ಣು. ಕುಡಿಯೋ ನೀರನ್ನೂ ಆಚೆ ದಡದಿಂದ ದೋಣಿಯಲ್ಲಿ ತರಬೇಕು. ಬೆಳೆ ಅನ್ನೋದಿಲ್ಲ. ಆದರೂ ಆ ಕಾಲಕ್ಕೆ ಜಗತ್ತಿನ ದೊಡ್ಡ ಬಂದರುಗಳಲ್ಲಿ ಅದೂ ಒಂದು. 1442ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹಡಗು ಹತ್ತಿದ್ದೂ ಇಲ್ಲಿಂದಲೇ, ಮುಂದೆ ಅವನು ವಿಜಯನಗರಕ್ಕೆ ಬಂದ. ನಿಕಿಟಿನ್ ಇಲ್ಲಿ ಒಂದು ತಿಂಗಳು ಇದ್ದ. ಬಿಸಿಲು ಮನುಷ್ಯನನ್ನ ಸುಟ್ಟೇ ಬಿಡುತ್ತೆ ಅಂತ ಬರೆದ. ದಿನಕ್ಕೆ ಎರಡು ಸಲ ಸಮುದ್ರ ಏರಿ ಬರೋದನ್ನ ನೋಡಿ ಬರೆದ. ವೋಲ್ಗಾ ದಂಡೆಯ ಮನುಷ್ಯನಿಗೆ ಭರತ ಇಳಿತ ಹೊಸದು. ಜಗತ್ತಿನಲ್ಲಿ ಹುಟ್ಟೋ ಎಲ್ಲಾ ಸರಕೂ ಇಲ್ಲಿ ಸಿಗುತ್ತೆ, ಆದರೆ ಸುಂಕ ಮಾತ್ರ ಹತ್ತರಲ್ಲಿ ಒಂದು ಪಾಲು ಅನ್ನೋದನ್ನೂ ಗುರುತು ಹಾಕಿಕೊಂಡ.

ಆಗ ಕೈಗೆ ಹತ್ತಿದ್ದು ಕುದುರೆ ವ್ಯಾಪಾರ. ದಖ್ಖನ್ನಿನಲ್ಲಿ ಒಳ್ಳೆ ಕುದುರೆ ಹುಟ್ಟೋದಿಲ್ಲ. ಬಹಮನಿ ಸುಲ್ತಾನರಿಗೂ ವಿಜಯನಗರದವರಿಗೂ ಯುದ್ಧಕ್ಕೆ ಅರಬ್ಬೀ ಕುದುರೆಯೇ ಬೇಕು. ನಿಕಿಟಿನ್ ಇದ್ದಬದ್ದ ದುಡ್ಡನ್ನೆಲ್ಲ ಒಂದೇ ಒಂದು ಗಂಡು ಕುದುರೆಯ ಮೇಲೆ ಹಾಕಿದ. ಭಾರತಕ್ಕೆ ತಂದು ಮುಟ್ಟಿಸೋ ಹೊತ್ತಿಗೆ 100 ರೂಬಲ್ ಖರ್ಚಾಗಿತ್ತು.

ಈಸ್ಟರ್ ಮುಗಿದ ಮೇಲೆ ಏಪ್ರಿಲ್ ತಿಂಗಳಲ್ಲಿ ಕುದುರೆ ಸಮೇತ ಹಡಗು ಹತ್ತಿದ. ಆ ಸಮಯ ಸುಮ್ಮನೆ ಆರಿಸಿದ್ದಲ್ಲ. ಜೂನ್‌ನಲ್ಲಿ ನೈಋತ್ಯ ಮಾನ್ಸೂನ್ ಬಿರುಸಾದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಡಗು ನಿಲ್ಲೋ ಹಾಗಿಲ್ಲ, ಅಷ್ಟರೊಳಗೆ ದಡ ಸೇರಬೇಕು. ಆ ಕಡೆಯ ಹಡಗುಗಳೋ, ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಿಂದ ಹೊಲಿದವು. ಮಸ್ಕತ್, ಗುಜರಾತ್, ಖಂಬಾತ್ ಮೇಲೆ 6 ವಾರದ ಪ್ರಯಾಣ. ಇಳಿದಿದ್ದು ಇವತ್ತಿನ ಮಹಾರಾಷ್ಟ್ರದ ಚೌಲ್‌ನಲ್ಲಿ.

ಘಟ್ಟ ಹತ್ತಿ ಜುನ್ನರ್‌ಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಎರಡು ತಿಂಗಳು ಅಲ್ಲೇ ಲಾಕ್. ಅಲ್ಲಿನ ಅಸದ್ ಖಾನ್‌ಗೆ ಇವನು ಮುಸ್ಲಿಂ ಅಲ್ಲ ಅಂತ ಗೊತ್ತಾಗಿ ಕುದುರೆ ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯೂ ವಾಪಸ್, ಮೇಲೆ 1000 ಚಿನ್ನದ ನಾಣ್ಯ. ಇಲ್ಲದಿದ್ದರೆ ಕುದುರೆಯೂ ಇಲ್ಲ, ತಲೆದಂಡ ಬೇರೆ. ಯೋಚಿಸೋಕೆ 4 ದಿನ. ಸಾಲದಲ್ಲಿ ಮುಳುಗಿದ, ಕೈಯಲ್ಲಿ ಬೇರೇನೂ ಇಲ್ಲದ ಮನುಷ್ಯ ಅವನು. ಆದರೂ ಒಪ್ಪಲಿಲ್ಲ. ಕೊನೆಗೆ ಖೋಜಾ ಮುಹಮ್ಮದ್ ಅನ್ನೋ ಖುರಾಸಾನಿನ ಅಧಿಕಾರಿ, ಅವನೂ ಮುಸ್ಲಿಮನೇ, ಮಧ್ಯೆ ಬಂದು ಮಾತಾಡಿ ಕುದುರೆ ಬಿಡಿಸಿಕೊಟ್ಟ.

ಅಲ್ಲಿಂದ ಬೀದರ್, ಕಲಬುರಗಿ. ಆಗ ಬೀದರ್‌ನಲ್ಲಿ ಅಧಿಕಾರ ನಡೆಸುತ್ತಿದ್ದವನು ಮಹಮೂದ್ ಗವಾನ್, ಅವನೂ ವ್ಯಾಪಾರಕ್ಕೆ ಅಂತಲೇ ಪರ್ಷಿಯಾದಿಂದ ಬಂದವನು. ನಿಕಿಟಿನ್‌ನ ಕುದುರೆ ಕಡಲೆ ತಿಂತು, ಸಕ್ಕರೆ ತುಪ್ಪ ಹಾಕಿದ ಖಿಚಡಿ ತಿಂತು. ಕ್ರಿಸ್‌ಮಸ್ ಹೊತ್ತಿಗೆ ಅಂತೂ ಬೀದರ್‌ನಲ್ಲಿ ಮಾರಾಟ ಆಯಿತು. ಒಂದು ವರ್ಷ ಸಾಕಿದ ಖರ್ಚು ಬರೆದಿದ್ದಾನೆ, ಲಾಭ ಎಷ್ಟು ಅಂತ ಬರೆದಿಲ್ಲ. ಇಲ್ಲಿ ಎಲ್ಲಾ ಸಿಗುತ್ತೆ ಅಂತ ನಂಬಿಸಿ ಕರೆತಂದರು, ಆದರೆ ತನ್ನ ದೇಶಕ್ಕೆ ಒಯ್ಯೋಕೆ ಆಗೋ ಸರಕು ಏನೂ ಇಲ್ಲ ಅಂತ ಕೊರಗಿದ.

ಬೀದರ್‌ನಲ್ಲಿ ಅವನಿಗೆ ಖೋಜಾ ಯೂಸುಫ್ ಖುರಾಸಾನಿ ಅನ್ನೋ ಹೆಸರಿತ್ತು. ತಾನು ಯಾರು ಅನ್ನೋ ನಿಜವನ್ನ ಹಿಂದೂ ಪರಿಚಯದವರಿಗೆ ಹೇಳಿಕೊಂಡ ಮೇಲೆ ಅವರು ತಮ್ಮ ಊಟ, ಪೂಜೆ, ವ್ಯವಹಾರ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಅವರ ಜೊತೆಗೇ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿ ಬಂದ.

ಇನ್ನು ಆಳಂದ. ಅಲ್ಲಿ ಶೇಖ್ ಅಲಾವುದ್ದೀನರ ನೆನಪಿನಲ್ಲಿ, ಅಂದರೆ ನಾವು ಇವತ್ತಿಗೂ ಲಾಡ್ಲೆ ಮಶಾಯಿಕ್ ಅಂತ ಕರೆಯೋ ಸಂತರ ಹೆಸರಿನಲ್ಲಿ, ವರ್ಷಕ್ಕೊಮ್ಮೆ 10 ದಿನದ ಜಾತ್ರೆ. 20,000 ಕುದುರೆ ಮಾರಾಟಕ್ಕೆ ಬರುತ್ತಂತೆ, ಇಡೀ ಹಿಂದೂಸ್ತಾನದಲ್ಲೇ ಇದರಷ್ಟು ಒಳ್ಳೆ ಸಂತೆ ಇಲ್ಲವಂತೆ. ಆಳಂದದ ರಾತ್ರಿಯ ಹಕ್ಕಿಯೊಂದರ ಬಗ್ಗೆಯೂ ಬರೆದಿದ್ದಾನೆ. ಅದು ಯಾರ ಮನೆ ಮೇಲೆ ಕೂತು ಕೂಗುತ್ತೋ ಆ ಮನೆಯಲ್ಲಿ ಸಾವು ಅಂತ ಜನ ನಂಬ್ತಾರೆ. ಹೆಸರು ಗುಕುಕ್. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? ನಮ್ಮ ಗೂಗಿನೇ ನೋಡ್ರಿ ಅದು!

ವಾಪಸ್ ಹೋಗುವಾಗಲೂ ಆಳಂದದ ಮೇಲೇ ಹಾದು ದಾಭೋಳ್ ಬಂದರು ಸೇರಿದ. ಗಾಳಿ ಹಡಗನ್ನ ಇಥಿಯೋಪಿಯಾ ದಡಕ್ಕೆ ತಳ್ಳಿತು. ಅಲ್ಲಿನವರಿಗೆ ಅಕ್ಕಿ, ಮೆಣಸು, ರೊಟ್ಟಿ ಕೊಟ್ಟು ಪಾರಾಗಿ, ಮತ್ತೆ ಹೊರ್ಮುಜ್. ಈ ಸಲ 20 ದಿನ. ಮುಂದೆ ಟ್ರೆಬಿಜಾಂಡ್‌ನಲ್ಲಿ ತಪಾಸಣೆ ಹೆಸರಲ್ಲಿ ಉಳಿದಿದ್ದೂ ಹೋಯಿತು. ಕಪ್ಪು ಸಮುದ್ರ ದಾಟಿದ, ಆದರೆ ತ್ವೆರ್ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ಇನ್ನೂ ಮುಂದಿರುವಾಗಲೇ ತೀರಿಕೊಂಡ.

ಉಳಿದಿದ್ದು ಅವನ ಕೈಬರಹದ ಟಿಪ್ಪಣಿ ಮಾತ್ರ. 1475ರಲ್ಲಿ ವ್ಯಾಪಾರಿಗಳು ಅದನ್ನ ಮಾಸ್ಕೋಗೆ ಮುಟ್ಟಿಸಿದರು. ಮೂರು ಸಮುದ್ರಗಳಾಚೆಗಿನ ಪಯಣ ಅನ್ನೋ ಹೆಸರಲ್ಲಿ ರಷ್ಯಾದವರು ಇವತ್ತಿಗೂ ಅದನ್ನ ಓದುತ್ತಾರೆ. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಅವನ ಮೇಲೆ ಪರ್‌ದೇಸಿ ಅನ್ನೋ ಸಿನಿಮಾ ಮಾಡಿದವು, ನರ್ಗಿಸ್ ನಟಿಸಿದ್ದರು. ತ್ವೆರ್‌ನ ವೋಲ್ಗಾ ದಂಡೆಯಲ್ಲಿ ಅವನ ಪ್ರತಿಮೆ ನಿಂತಿದೆ. ಆಳಂದದಲ್ಲಿ ದರ್ಗಾ ಇದೆ, ರಾತ್ರಿ ಗೂಗಿಯೂ ಕೂಗ್ತದೆ. ಈ ಸಲ ರಜೆಗೆ ಆ ಕಡೆ ಹೋದವರು ಒಂದು ಸುತ್ತು ಹಾಕಿ ಬನ್ನಿ.